ಎಂಟನೆಯ ಡಿವಿಡಿ

ಅಂಬುಜಾಕ್ಷಿಯದು ಹೆಸರುವಾಸಿ ಮನೆತನ. ಮುತ್ತಜ್ಜ ಸಂಸ್ಥಾನದ ಕಾಲದಲ್ಲಿ ಅಮಲ್ದಾರರು. ಅಜ್ಜ ಊರಿನ ಹೆಣ್ಣುಮಕ್ಕಳಿಗೆಂದು ಶಾಲೆ ಕಟ್ಟಿಸಿದವರು. ತಂದೆ ಮುನ್ಸೀಫರು, ಅವರ ಒಂದು ತೀರ್ಪನ್ನೂ ಮೇಲಿನ ಕೋರ್ಟು ತಿರುಗಿಸಲಿಲ್ಲವೆಂಬುದು ಮನೆಯವರು ಇಂದಿಗೂ ನೆನೆಯುವ ಮಾತು. ಮಗಳನ್ನು ಅವರು ಕಾನ್ವೆಂಟಿಗೆ ಸೇರಿಸಿದರು. ಅಲ್ಲಿನ ಸಿಸ್ಟರುಗಳು ನೆಟ್ಟಗೆ ಕೂರುವುದನ್ನೂ ದುಂಡಗೆ ಬರೆಯುವುದನ್ನೂ ಕಲಿಸಿದರು. ಐವತ್ತೆಂಟರ ವಯಸ್ಸಿನಲ್ಲೂ ಆಕೆ ಎರಡನ್ನೂ ಬಿಟ್ಟಿರಲಿಲ್ಲ.

ಗಂಡ ತೀರಿಕೊಂಡ ಮೇಲೆ ಹೊಳೆದಂಡೆಯ ಆಶ್ರಮಕ್ಕೆ ಬಂದು ಶಿಷ್ಯೆಯಾದಳು. ಎಂಬತ್ತು ದಾಟಿದ ಗುರುಗಳ ಮುಂದೆ ನಿಂತು, ಏನು ಸೇವೆ ಮಾಡಲಿ ಎಂದು ಕೇಳಿದಳು.

ಗುರುಗಳು ಮೂಲೆಯ ಬೀರು ತೋರಿಸಿದರು. ಒಳಗೆ ಹನ್ನೆರಡು ವಿಡಿಯೋ ಕ್ಯಾಸೆಟ್ಟುಗಳಿದ್ದವು. ಗುರುವಾರದ ಸತ್ಸಂಗಗಳನ್ನು ಭಕ್ತರೊಬ್ಬರು ತೆಗೆದಿಟ್ಟು ಹೋಗಿದ್ದರು. ಆ ಭಕ್ತರು ಈಗಿಲ್ಲ. ಕ್ಯಾಸೆಟ್ಟುಗಳಿಗೆ ಬೂಷ್ಟು ಹಿಡಿಯತೊಡಗಿತ್ತು.

"ಪೂರ್ತಿ ಹಾಳಾಗುವ ಮೊದಲು ಡಿವಿಡಿ ಮಾಡಿಡು," ಎಂದರು.

ಪೇಟೆಯ ಸ್ಟುಡಿಯೋಗೆ ಕೊಡಿ ಎಂದು ಕೆಲವರು ಹೇಳಿದರು. ಅವರ ಕೆಲಸದಲ್ಲಿ ಅಚ್ಚುಕಟ್ಟಿಲ್ಲವೆಂದು ಅಂಬುಜಾಕ್ಷಿ ತಾನೇ ಕಲಿತಳು. ಹನ್ನೆರಡು ದಿನ ಸಭಾಂಗಣದಲ್ಲಿ ಕೂತಳು. ಕ್ಯಾಸೆಟ್ಟು ತಿರುಗುತ್ತಿತ್ತು. ಮುಂದಿನ ಕಂಪ್ಯೂಟರಿನಲ್ಲಿ ಗುರುಗಳು ಕಾಣುತ್ತಿದ್ದರು, ಪಕ್ಕದ ಟಿವಿಯಿಂದ ಅವರ ಮಾತು ಕೇಳುತ್ತಿತ್ತು. ಮನಸ್ಸು ತುಂಬಿಬಂತು.

ಡಿವಿಡಿಗಳು ಸಿದ್ಧವಾದ ಮೇಲೆ ಒಂದೊಂದನ್ನೂ ಪರೀಕ್ಷಿಸಿದಳು. ಎಲ್ಲವನ್ನೂ ನಿಧಾನವಾಗಿ ನೋಡುತ್ತ ಕೂರಲು ಹೊತ್ತಿರಲಿಲ್ಲ. ವೇಗವಾಗಿ ಓಡಿಸಿ, ಮೊದಲಿಂದ ಕೊನೆಯವರೆಗೆ ಚಿತ್ರ ಎಲ್ಲೂ ಕೆಟ್ಟಿಲ್ಲವೆಂದು ಖಾತ್ರಿ ಮಾಡಿಕೊಂಡಳು. ಕ್ಯಾಸೆಟ್ಟುಗಳು ತಿರುಗುತ್ತಿದ್ದಾಗಲೇ ಲಕೋಟೆಗಳ ಮೇಲೆ ತನ್ನ ದುಂಡಕ್ಷರದಲ್ಲಿ ಬರೆದಿಟ್ಟಿದ್ದಳು. ಎಂಟನೆಯದರ ಮೇಲೆ, "ಭಜನೆ. ಹಾಡಿದವರು: ಚಿಕ್ಕತಾಯಿ," ಎಂದು ಬರೆದಿದ್ದಳು.

ಚಿಕ್ಕತಾಯಿ ಆಶ್ರಮದ ಊಟಕ್ಕೆ ಮುತ್ತುಗದ ಎಲೆ ಹಚ್ಚಿಕೊಡುವ ದುಂಡಮ್ಮನ ಮಗಳು. ಹಿಂದಿನ ವರ್ಷ ಜ್ವರದಲ್ಲಿ ತೀರಿಕೊಂಡಿದ್ದಳು.

ಇನ್ನು ಕ್ಯಾಸೆಟ್ಟುಗಳು. ಗುರುಗಳ ಮಾತು ಹೊತ್ತಿದ್ದ ವಸ್ತುವನ್ನು ಕಸಕ್ಕೆ ಎಸೆಯುವುದು ಹೇಗೆ? ಹರಿದ ದೇವರ ಪಟಗಳನ್ನೂ ಸವೆದ ಗ್ರಂಥಗಳನ್ನೂ ಹೊಳೆಗೆ ಬಿಡುವುದು ಅಲ್ಲಿಯ ಪದ್ಧತಿ. ಅಂಬುಜಾಕ್ಷಿ ಹನ್ನೆರಡಕ್ಕೂ ಅರಿಶಿನ ಕುಂಕುಮ ಹಚ್ಚಿ, ಹೂವಿಟ್ಟು, ತೆಪ್ಪದಲ್ಲಿ ಹೋಗಿ ನಡುನೀರಿಗೆ ಬಿಟ್ಟು ಕೈಮುಗಿದಳು.

ಗುರುಪೂರ್ಣಿಮೆಯ ದಿನ ಭಕ್ತರೆಲ್ಲ ಪ್ರಸಾದದ ಜೊತೆಗೆ ಡಿವಿಡಿಗಳ ಪ್ರತಿ ತೆಗೆದುಕೊಂಡು ಹೋದರು.

ಮೂರನೆಯ ದಿನದಿಂದ ಫೋನು ಬರತೊಡಗಿತು. ಚಿತ್ರ ಬರುತ್ತಿದೆ, ಮಾತು ಬರುತ್ತಿಲ್ಲ ಎಂದರು. ನಿಮ್ಮ ಟಿವಿಯದೇ ದೋಷ ಎಂದಳು ಅಂಬುಜಾಕ್ಷಿ. ಸೌಂಡು ಹೆಚ್ಚಿಸಿ ನೋಡಿ, ರಿಮೋಟನ್ನು ಸರಿಯಾಗಿ ಒತ್ತಿ, ವೈರುಗಳನ್ನು ಬಿಚ್ಚಿ ಮತ್ತೆ ಹಾಕಿ ಎಂದು ಒಬ್ಬೊಬ್ಬರಿಗೂ ಹೇಳಿದಳು. ತಾನು ಪರೀಕ್ಷಿಸದೆ ಒಂದನ್ನೂ ಕೊಟ್ಟಿಲ್ಲ ಎಂದೂ ಸೇರಿಸಿದಳು.

ರಿಟೈರಾದ ಮೇಷ್ಟ್ರೊಬ್ಬರು ಆಕೆಯ ಮಾತು ನಂಬಿ ಹೊಸ ಪ್ಲೇಯರನ್ನೇ ತಂದರು. ಮರುದಿನ ಫೋನು ಮಾಡಿ, "ಹೊಸದೂ ತುಟಿ ಬಿಚ್ತಿಲ್ಲ ಅಮ್ಮ. ನಮ್ಮ ಮನೇಲಿ ಈಗ ಮಾತಾಡ್ತಿರೋದು ನನ್ನ ಹೆಂಡತಿ ಒಬ್ಬಳೇ," ಎಂದರು.

ಅಂಬುಜಾಕ್ಷಿ ನಗಲಿಲ್ಲ.

ಅಷ್ಟರಲ್ಲಿ ದುಂಡಮ್ಮ ಬಂದಳು. ಅವಳ ಮನೆಯಲ್ಲಿ ಟಿವಿ ಇರಲಿಲ್ಲ. ಎಂಟನೆಯ ಡಿವಿಡಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಮೂರು ಮನೆ ತಿರುಗಿದ್ದಳು. ಮೂರೂ ಕಡೆ ಮಗಳು ಮೂಕಿಯಾಗಿ ಕಂಡಿದ್ದಳು.

"ಅಮ್ಮಾವ್ರೇ, ನಮ್ ಚಿಕ್ಕಿ ಬಾಯಾಡಿಸ್ತಾಳೆ, ದನಿ ಬರ್ತಾ ಇಲ್ಲ."

ಅಂಬುಜಾಕ್ಷಿ ಅದನ್ನು ತೆಗೆದುಕೊಂಡು ಆಶ್ರಮದ ಟಿವಿಗೆ ಹಾಕಿದಳು. ಈ ಸಲ ವೇಗವಾಗಿ ಓಡಿಸಲಿಲ್ಲ. ಚಿಕ್ಕತಾಯಿ ಜಡೆಯನ್ನು ಹಿಂದಕ್ಕೆ ಎಸೆದುಕೊಂಡಳು, ಕಣ್ಣು ಮುಚ್ಚಿದಳು, ಬಾಯಿ ತೆರೆದಳು. ಏನೂ ಕೇಳಿಸಲಿಲ್ಲ. ಹೊರಗೆ ಹೊಳೆಯ ಸದ್ದು ಮಾತ್ರ ಇತ್ತು.

ಅಂಬುಜಾಕ್ಷಿ ಸೌಂಡನ್ನು ಕೊನೆಯವರೆಗೆ ಏರಿಸಿದಳು, ದನಿ ಬರಲಿಲ್ಲ. ಆದರೆ ಬೆನ್ನು ಬಾಗಲಿಲ್ಲ.

"ದುಂಡಮ್ಮ," ಎಂದಳು, "ಗುರುಗಳ ಸನ್ನಿಧಿಯಲ್ಲಿ ಮೌನವೇ ಉಪದೇಶ. ಹೊರಗಿನ ಕಿವಿಗೆ ಇದು ಕೇಳಿಸುವುದಿಲ್ಲ. ಮನಸ್ಸು ಶುದ್ಧ ಮಾಡಿಕೊಂಡು ನೋಡು, ಕೇಳಿಸುತ್ತದೆ."

ದುಂಡಮ್ಮ ಆ ಮಾತನ್ನು ನಂಬಿದಳು. ಕೈಮುಗಿದು ಹೋದಳು.

ಅವಳು ಹೋದ ಮೇಲೆ ಅಂಬುಜಾಕ್ಷಿ ಬಾಗಿಲು ಹಾಕಿಕೊಂಡು ಉಳಿದ ಹನ್ನೊಂದನ್ನೂ ಹಾಕಿ ನೋಡಿದಳು. ಹನ್ನೊಂದೂ ಮೂಕ. ಮೇಜಿನ ಹಿಂದೆ ಬಗ್ಗಿದಳು. ಕ್ಯಾಸೆಟ್ ಪ್ಲೇಯರಿನಿಂದ ಮೂರು ವೈರು ಬಂದಿದ್ದವು. ಚಿತ್ರ ಒಯ್ಯುವ ಹಳದಿ ವೈರು ಕಂಪ್ಯೂಟರಿಗೆ ಹೋಗಿತ್ತು. ದನಿ ಒಯ್ಯುವ ಕೆಂಪು, ಬಿಳಿ ವೈರುಗಳು ಟಿವಿಗೆ ಹೋಗಿದ್ದವು. ಹನ್ನೆರಡು ದಿನ ಆಕೆ ಕೇಳಿದ್ದೆಲ್ಲ ಟಿವಿಯಲ್ಲೇ ಮುಗಿದುಹೋಗಿತ್ತು. ಕಂಪ್ಯೂಟರಿಗೆ ಒಂದು ಅಕ್ಷರವೂ ತಲುಪಿರಲಿಲ್ಲ.

ವೇಗವಾಗಿ ಓಡಿಸಿ ನೋಡುವಾಗ ಯಾವ ಡಿವಿಡಿಯೂ ಮಾತಾಡುವುದಿಲ್ಲ. ಅದು ಆಗ ಹೊಳೆದಿರಲಿಲ್ಲ.

ದುಂಡಮ್ಮನಿಗೆ ಹೇಳಿದ ಮಾತು ಅಷ್ಟರಲ್ಲಿ ಊರೆಲ್ಲ ಹರಡಿತ್ತು. ಫೋನು ಮಾಡುವವರ ದೂರು ನಿಂತಿತು. ಗುರುಗಳು ಮೌನದಲ್ಲಿ ಬೋಧಿಸುತ್ತಿದ್ದಾರಂತೆ ಎಂದು ಭಕ್ತರು ಡಿವಿಡಿಯ ಮುಂದೆ ಊದುಬತ್ತಿ ಹಚ್ಚಿ ಕೂತರು. ಕೆಲವರು ತಮಗೆ ಕೇಳಿಸಿತು ಎಂದೂ ಹೇಳಿಕೊಂಡರು. ಅಂಬುಜಾಕ್ಷಿ ಯಾರನ್ನೂ ತಿದ್ದಲಿಲ್ಲ. ಅನ್ನ ಸೇರದಾಯಿತು.

ದುಂಡಮ್ಮ ದಿನವೂ ಮಧ್ಯಾಹ್ನ ಬಂದು ಸಭಾಂಗಣದ ಟಿವಿಯ ಮುಂದೆ ಕೂರತೊಡಗಿದಳು. ಆ ಹೊತ್ತಿಗೆ ಅಂಬುಜಾಕ್ಷಿ ಅಡುಗೆಮನೆ ಸೇರುತ್ತಿದ್ದಳು.

ಹದಿನೈದು ದಿನವಾದ ಮೇಲೆ ಗುರುಗಳು ಕರೆಸಿದರು. ಹೊಳೆಯ ಮೆಟ್ಟಿಲ ಮೇಲೆ ಕೂತಿದ್ದರು. ನೀರು ಕೆಂಪಾಗಿ ಎರಡನೆಯ ಮೆಟ್ಟಿಲವರೆಗೆ ಏರಿತ್ತು.

"ಅಂಬುಜಾಕ್ಷಿ, ನಾನು ಮೌನ ಹಿಡಿದದ್ದು ಯಾವಾಗ? ನನಗೇ ಗೊತ್ತಾಗಲಿಲ್ಲ."

ಆಕೆ ತಲೆ ತಗ್ಗಿಸಿದಳು.

"ಡಿವಿಡಿಯಲ್ಲಿ ದನಿ ಬಿದ್ದಿಲ್ಲ, ಗುರುಗಳೇ. ವೈರು ತಪ್ಪಾಗಿತ್ತು."

"ವೈರು ಹಾಕಿದವರು ಯಾರು?"

"ನಾನು."

"ಕ್ಯಾಸೆಟ್ಟುಗಳು?"

"ಹೊಳೆಗೆ ಬಿಟ್ಟೆ."

ಗುರುಗಳು ನೀರಿನ ಕಡೆ ತಿರುಗಿದರು.

"ದನಿ ನಶ್ವರ ಎಂದು ತಾವೇ ಹೇಳಿದ್ದೀರಿ," ಎಂದಳು ಅಂಬುಜಾಕ್ಷಿ.

"ನನ್ನ ದನಿಯ ವಿಷಯ ಹೇಳಿದ್ದೆ. ನನ್ನದು ಹೋದರೆ ನಾಳೆ ಮತ್ತೆ ಮಾತಾಡುತ್ತೇನೆ. ಆ ಹುಡುಗಿ ನಾಳೆ ಹಾಡುತ್ತಾಳೆಯೇ?"

ಅಂಬುಜಾಕ್ಷಿ ಪ್ರಾಯಶ್ಚಿತ್ತಕ್ಕೆ ತಾನು ಸಿದ್ಧ ಎಂದಳು. ನಲವತ್ತೆಂಟು ದಿನ ಒಪ್ಪೊತ್ತಿನ ಊಟ. ನಲವತ್ತೆಂಟು ದಿನ ಮಾತು ಬಿಟ್ಟು ಮೌನ.

"ನೀನು ಮಾತು ಬಿಟ್ಟರೆ ದುಂಡಮ್ಮನಿಗೆ ಏನು ಕೇಳಿಸುತ್ತದೆ?"

"ಹಾಗಾದರೆ ದಾರಿಯೇ ಇಲ್ಲವೇ?"

"ದನಿಯನ್ನು ತರುವ ದಾರಿ ಇಲ್ಲ," ಎಂದು ಗುರುಗಳು ಎದ್ದರು. ಕೋಲೂರಿಕೊಂಡು ಸಭಾಂಗಣದ ಕಡೆ ನಡೆದರು. ಅಂಬುಜಾಕ್ಷಿ ಹಿಂದೆ ಹೋದಳು.

ದುಂಡಮ್ಮ ಟಿವಿಗೆ ಮೊಳದಷ್ಟು ದೂರದಲ್ಲಿ ಕೂತಿದ್ದಳು. ಮಗಳ ತುಟಿ ಆಡಿದಂತೆ ತನ್ನ ತುಟಿ ಆಡಿಸುತ್ತಿದ್ದಳು. ಗುರುಗಳನ್ನು ಕಂಡು ಎದ್ದು ಅಡ್ಡಬಿದ್ದಳು. ಗುರುಗಳು ಅವಳ ಪಕ್ಕದಲ್ಲೇ ನೆಲದ ಮೇಲೆ ಕೂತರು. ಏನಾದರೂ ಕೇಳಿಸಿತೇ ಎಂದು ವಿಚಾರಿಸಿದರು.

ಅವಳು ಇಲ್ಲವೆಂದು ತಲೆಯಾಡಿಸಿದಳು. ಹದಿನೈದು ದಿನದಿಂದ ತಣ್ಣೀರು ಮೀಯುತ್ತಿದ್ದಳು. ಸೋಮವಾರ ಉಪವಾಸವಿದ್ದಳು. ಕಿವಿಗೆ ಬೆಚ್ಚಗಿನ ಎಣ್ಣೆ ಬಿಟ್ಟುಕೊಂಡಿದ್ದಳು.

"ಎಲ್ಲಾರ್ಗೂ ಕೇಳಿಸ್ತದಂತೆ ಬುದ್ಧಿ. ನಂಗೊಬ್ಬಳಿಗೇ ಇಲ್ಲ," ಎಂದಳು. "ಹಾಡ್ತಾ ಕೂತ್ರೆ ಎಲೆ ಹಚ್ಚೋರು ಯಾರು ಅಂತ ಬೈತಿದ್ದೆ ಅವಳ್ನ. ಬಾಯಿ ಮುಚ್ಚು ಅಂತಿದ್ದೆ. ಅದ್ಕೇ ನನ್ನ ಹತ್ರ ಮಾತ್ರ ಬಾಯಿ ಬಿಡ್ತಿಲ್ಲ ಅವಳು."

ಟಿವಿಯಲ್ಲಿ ಹಾಡು ಮುಗಿಯಿತು. ಚಿಕ್ಕತಾಯಿ ಕಣ್ಣು ತೆರೆದು ಯಾರ ಕಡೆಗೋ ತಿರುಗಿ ನಕ್ಕು, ಏನೋ ಅಂದಳು. ದುಂಡಮ್ಮ ಮುಂದಕ್ಕೆ ಬಾಗಿದಳು.

"ಇಲ್ಲಿ ಏನೋ ಅಂತಾಳೆ. ನಂಗೇ ಅಂತಾಳೆ. ಏನಂತ ಗೊತ್ತಾಗ್ತಿಲ್ಲ."

ಅಂಬುಜಾಕ್ಷಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಹನ್ನೆರಡು ದಿನಗಳಲ್ಲಿ ಒಂದು ದಿನ ಆ ಮಾತು ಇದೇ ಕೋಣೆಯಲ್ಲಿ ತನ್ನ ಕಿವಿಗೆ ಬಿದ್ದಿತ್ತು. ಏನೆಂದು ನೆನಪಿಸಿಕೊಳ್ಳಲು ಹೆಣಗಿದಳು. ಆಗ ಆಕೆ ಲಕೋಟೆಯ ಮೇಲೆ ಹೆಸರು ಬರೆಯುತ್ತಿದ್ದಳು. ಮಾತು ನೆನಪಾಗಲಿಲ್ಲ.

"ಯಂತ್ರದಲ್ಲಿ ಒಂದು ಸಣ್ಣ ದೋಷ..." ಎಂದು ಶುರುಮಾಡಿದಳು.

ಗುರುಗಳು ಕೈಯೆತ್ತಿ ತಡೆದರು.

"ದೋಷ ಯಂತ್ರದ್ದಲ್ಲ. ಇವಳ ಕಿವಿಯದಲ್ಲ, ಇವಳ ಮನಸ್ಸಿನದಲ್ಲ, ಸತ್ತ ಹುಡುಗಿಯದೂ ಅಲ್ಲ," ಎಂದರು. "ಬಂದು ಇಲ್ಲಿ ಕೂತುಕೋ. ಇವಳ ಕ್ಷಮೆ ಕೇಳು."