ಗಿಳಿ ತೊಟ್ಟಿಲಿನ ಗುಂಡಪ್ಪ

ಸೊಸೆ ಮಂಚದ ಪಕ್ಕಕ್ಕೆ ತರಿಸಿದ್ದ ಗಿಡ್ಡ ತೊಟ್ಟಿಲನ್ನು ಬಸಲಿಂಗ ದೇಸಾಯರು ಪಡಸಾಲೆಗೆ ಹಾಕಿಸಿದರು. “ಮೊಮ್ಮಗ ಮುತ್ತಜ್ಜನ ಗಿಳಿ ತೊಟ್ಟಿಲದಾಗ ಮಲಗಬೇಕು!”

“ಮಾವನೋರ, ಅದರ ಸುತ್ತಲಿನ ಕಟ್ಟಿಗಿ ಗಿಳಿಗಳ ಸಂದಿ ಅಗಲ ಅದ. ಕೂಸು ಜಾರ್ತದ.”

“ನಮ್ಮ ವಂಶದಾಗ ಯಾರೂ ಜಾರಿಲ್ಲ!”

ಬಾಣಂತಿಗೆ ನೀರು ಹಾಕುವ ತಂಗೆವ್ವ ಎದುರಾಡಲಿಲ್ಲ. “ಖರೇರಿ ಧಣ್ಯಾರ. ಪದ್ಧತಿ ಪ್ರಕಾರ ಕೂಸಿಗಿಂತ ಮೊದಲ ಗುಂಡಪ್ಪನ್ನ ತೂಗ್ರಿ,” ಎಂದು ಕೂಸಿನ ಕುಂಚಿಗೆ ತೊಡಿಸಿದ ಗುಂಡುಕಲ್ಲನ್ನು ಗಿಳಿ ತೊಟ್ಟಿಲಲ್ಲಿ ಮಲಗಿಸಿದಳು.

ದೇಸಾಯರು ಮೀಸೆ ತಿರುವಿ ಜೋರಾಗಿ ತೂಗಿದರು. ಕಲ್ಲು ಉರುಳಿ, ಗಿಳಿಗಳ ಸಂದಿಯಿಂದ ಧೊಪ್ಪನೆ ಬಿತ್ತು. ನೆಲದ ಫರಸಿಕಲ್ಲು ಸೀಳಿತು.

“ಪುಣ್ಯಾ, ಗುಂಡಪ್ಪಗ ಅವ್ವ ಇಲ್ರಿ,” ಎಂದಳು ತಂಗೆವ್ವ.

ದೇಸಾಯರಿಗೆ ಸೊಸೆಯ ಮುಖ ನೋಡಲಾಗಲಿಲ್ಲ. ತಲೆ ತಗ್ಗಿಸಿ ಹೋದರು. ಗಿಡ್ಡ ತೊಟ್ಟಿಲನ್ನು ತಾವೇ ಹೊತ್ತು ತಂದು ಅವಳ ಮಂಚಕ್ಕೆ ಒತ್ತಿ ಇಟ್ಟರು.