ಎತ್ತಿಕೊಂಡರೆ ಹಂದಿ ಅರಚುವುದೇಕೆ

ಹೆಸರಿಟ್ಟ ಜೀವವನ್ನು ಯಾರೂ ಕೊಲ್ಲುವುದಿಲ್ಲ. ಪ್ರಪಂಚ ಹೊಸದಾಗಿದ್ದ ಕಾಲದಲ್ಲಿ ಎಲ್ಲರೂ ಹೀಗೆ ನಂಬಿದ್ದರು.

ನಂಬಿದ್ದರು, ಅಷ್ಟೆ. ಪರೀಕ್ಷೆ ಮಾಡಿ ನೋಡಿದವರು ಇರಲಿಲ್ಲ. ಆಗ ಬೆಟ್ಟಗಳ ಮೈ ಇನ್ನೂ ಹಸಿಯಾಗಿತ್ತು. ಹೊಳೆಗೆ ತಾನು ಯಾವ ಕಡೆ ಹರಿಯಬೇಕೆಂದು ಖಾತ್ರಿಯಿರಲಿಲ್ಲ. ಹೆಸರುಗಳೂ ಕಡಿಮೆ ಇದ್ದವು. ಮನುಷ್ಯರಿಗೇ ಸಾಲುತ್ತಿರಲಿಲ್ಲ, ಇನ್ನು ಪ್ರಾಣಿಗಳಿಗೆ ಎಲ್ಲಿಂದ ತರುವುದು?

ಹೊಳೆಯ ದಡದಲ್ಲಿ ಒಂದು ಹಟ್ಟಿ. ಅಲ್ಲಿ ಮಗು ಹುಟ್ಟಿದ ಕೂಡಲೇ ಹೆಸರಿಡುತ್ತಿರಲಿಲ್ಲ. ಬದುಕುತ್ತದೋ ಇಲ್ಲವೋ ಎಂದು ಕಾದು ನೋಡುತ್ತಿದ್ದರು. ಬದುಕುವ ಲಕ್ಷಣ ಕಂಡರೆ ನೆಂಟರನ್ನು ಕರೆದು, ಮಗುವಿನ ಸೊಂಟಕ್ಕೆ ಕರಿಯ ಉಡಿದಾರ ಕಟ್ಟಿ, ಕಿವಿಯಲ್ಲಿ ಹೆಸರು ಹೇಳುತ್ತಿದ್ದರು. ಆ ದಾರವನ್ನು ಕಟ್ಟಿದವರ ಹೊರತು ಬೇರೆ ಯಾರೂ ಕತ್ತರಿಸುವಂತಿರಲಿಲ್ಲ. ದಾರ ಹೋದರೆ ಹೆಸರೂ ಹೋಯಿತು.

ಹೆಸರಿಡುವ ದಿನ ನೆಂಟರಿಗೆ ಹಂದಿಮಾಂಸದ ಊಟ ಹಾಕಬೇಕಿತ್ತು. ಊಟ ಹಾಕದೆ ಇಟ್ಟ ಹೆಸರು ಮಗುವಿಗೆ ಅಂಟುವುದಿಲ್ಲ ಎನ್ನುವುದು ಇನ್ನೊಂದು ನಂಬಿಕೆ. ಆ ಕಾಲದಲ್ಲಿ ಹಂದಿಗಳಿಗೆ ಮಾತು ಬರುತ್ತಿತ್ತು. ಆದರೂ ಈ ವಿಷಯದಲ್ಲಿ ಅವುಗಳ ಅಭಿಪ್ರಾಯ ಯಾರೂ ಕೇಳಲಿಲ್ಲ.

ಆಗಿನ ಹಂದಿಗಳು ಎತ್ತಿಕೊಂಡರೆ ಸುಮ್ಮನಿರುತ್ತಿದ್ದವು. ಕೈಕಾಲು ಇಳಿಬಿಟ್ಟು, ಕಣ್ಣು ಅರ್ಧ ಮುಚ್ಚಿ, ಹೊತ್ತವರ ಹೆಗಲಿಗೆ ಗಲ್ಲ ಊರುತ್ತಿದ್ದವು. ಹೊತ್ತುಕೊಂಡು ಹೋದಮೇಲೆ ಏನಾಗುತ್ತದೆ ಎಂದು ವಾಪಸ್ ಬಂದು ಹೇಳಿದ ಹಂದಿ ಇರಲಿಲ್ಲ.

ಈ ಹಟ್ಟಿಯಲ್ಲಿ ಕೆಂಚಿ ಎಂಬ ಹುಡುಗಿ ಇದ್ದಳು. ಅಪ್ಪ ಮಾಚ, ಅಪ್ಪನ ಅವ್ವ ತಿಮ್ಮಜ್ಜಿ. ಮನೆಯ ಹಿಂದೆ ಹಂದಿಗೂಡು. ಒಂದು ಮಳೆಗಾಲದಲ್ಲಿ ಅಲ್ಲಿ ಹೆಣ್ಣು ಹಂದಿ ಈದಿತು. ಮರಿಗಳು ಹೆಚ್ಚಾಗಿ ಮೊಲೆ ಕಡಿಮೆಯಾದವು. ಎಲ್ಲಕ್ಕಿಂತ ಚಿಕ್ಕದು ಪಕ್ಕಕ್ಕೆ ಬಿದ್ದು ನಡುಗುತ್ತಿತ್ತು. ಕೆಂಚಿ ಅದನ್ನು ಸೆರಗಿನಲ್ಲಿ ಸುತ್ತಿ ಒಳಗೆ ತಂದಳು. ಬೆರಳಿಗೆ ಗಂಜಿ ಅದ್ದಿ ಚೀಪಿಸಿದಳು. ಅದು ಬದುಕುವ ಲಕ್ಷಣ ಕಂಡ ದಿನ, ಯಾರನ್ನೂ ಕೇಳದೆ, ಸೊಂಟಕ್ಕೆ ಉಡಿದಾರ ಕಟ್ಟಿ ಕಿವಿಯಲ್ಲಿ ದೊರೆ ಎಂದು ಹೇಳಿದಳು.

ತಿಮ್ಮಜ್ಜಿ ಬೈದಳು. ಆಮೇಲೆ, ಕಟ್ಟಿದ್ದು ಕಟ್ಟಿದ್ದೇ, ಇನ್ನು ಅದು ಮನೆಯದು ಎಂದಳು. ನಿಯಮ ಅವಳಿಗೆ ಇಷ್ಟವಾಗಬೇಕೆಂದೇನೂ ಇರಲಿಲ್ಲ, ನಿಯಮವಾಗಿದ್ದರೆ ಸಾಕಿತ್ತು. ಮಾಚ ನಕ್ಕ. ದೊರೆಗಳಿಗೆ ಇವತ್ತು ಗಂಜಿಯೋ, ಕಲಗಚ್ಚೋ ಎಂದು ದಿನಾ ಕೇಳುತ್ತಿದ್ದ. ದಿನಾ ಗಂಜಿಯನ್ನೇ ಹಾಕುತ್ತಿದ್ದ. ಸಂಜೆ ಕೆಲಸ ಮುಗಿಸಿ ಬಂದವನು ದೊರೆಯನ್ನು ಎತ್ತಿ ಹೆಗಲ ಮೇಲೆ ಹಾಕಿಕೊಂಡು ಅಂಗಳದಲ್ಲಿ ಓಡಾಡುತ್ತಿದ್ದ. ದೊರೆ ಅವನನ್ನು ಅಪ್ಪ ಎಂದು ಕರೆಯುತ್ತಿತ್ತು.

ಗೂಡಿನಲ್ಲಿ ದೊರೆಯ ಅಕ್ಕ ಒಬ್ಬಳಿದ್ದಳು. ಅವಳ ಒಂದು ಕಿವಿ ಹರಿದಿತ್ತು. ಹೆಸರಿರಲಿಲ್ಲ. ಒಂದು ದಿನ ಬೇಲಿಯ ಸಂದಿನಿಂದ ತಮ್ಮನನ್ನು ವಿಚಾರಿಸಿದಳು.

"ಎಲ್ಲಿ ಮಲಗುತ್ತೀಯ?"

"ಒಲೆಯ ಪಕ್ಕ."

"ಒಲೆಯ ಮೇಲೆ ಏನು ಬೇಯುತ್ತದೆ?"

ದೊರೆ ಅದನ್ನು ನೋಡಿರಲಿಲ್ಲ. ವಾಸನೆ ಮಾತ್ರ ಚೆನ್ನಾಗಿರುತ್ತದೆ ಎಂದಿತು.

ಅಕ್ಕ ಬೇಲಿಯ ಬುಡದ ಮಣ್ಣನ್ನು ಮೂಸಿದಳು.

ದೊರೆ ಎತ್ತಿಕೊಂಡರೆ ಕೈ ಸೋಲುವಷ್ಟು ಬೆಳೆದಾಗ ಕೆಂಚಿಗೆ ತಮ್ಮ ಹುಟ್ಟಿದ. ಅದಕ್ಕೆ ಹಿಂದೆ ಒಂದು ಕೂಸು ಹುಟ್ಟಿ, ಹೆಸರಿಡುವ ಮೊದಲೇ ಹೋಗಿತ್ತು. ಹೆಸರಿಲ್ಲದ್ದರಿಂದ ಏನೆಂದು ಕರೆದು ಅಳಬೇಕೆಂದು ಕೆಂಚಿಯ ಅವ್ವನಿಗೆ ತಿಳಿದಿರಲಿಲ್ಲ. ಈ ಸಲ ಹಾಗಾಗಬಾರದೆಂದು ಮಾಚ ಬೇಗನೆ ದಿನ ಗೊತ್ತುಮಾಡಿ, ಹೊಳೆಯ ಮೇಲಿನ ಹಟ್ಟಿಗಳಿಗೆಲ್ಲ ಹೇಳಿಕಳಿಸಿದ. ಹಿಂದಿನ ದಿನ ಅಂಗಳದಲ್ಲಿ ಕೂತು ಮಚ್ಚು ಮಸೆದ.

ಮಚ್ಚಿನ ಸದ್ದು ಹರಿದ ಕಿವಿಗೂ ಕೇಳುತ್ತದೆ. ಬೆಳಗ್ಗೆ ನೋಡಿದರೆ ಬೇಲಿಯ ಬುಡದಲ್ಲಿ ದೊಡ್ಡ ಗುಂಡಿ, ಗೂಡು ಖಾಲಿ. ಗೊರಸಿನ ಗುರುತು ಹೊಳೆಯವರೆಗೆ ಹೋಗಿ ನಿಂತಿತ್ತು. ಆಚೆ ದಡದಲ್ಲಿ ಕಾಡು.

ಗಂಡಸರು ಹೊಳೆ ದಾಟಿ ಹುಡುಕಿದರು. ಮುಳ್ಳು ಪರಚಿಸಿಕೊಂಡರು. ಕರೆಯೋಣವೆಂದರೆ ಏನೆಂದು ಕರೆಯುವುದು? ಹಂದೀ, ಹಂದೀ ಎಂದು ಕೂಗಿದರು. ಆ ಹೆಸರಿನವರು ಯಾರೂ ಕಾಡಿನಲ್ಲಿ ಇರಲಿಲ್ಲ. ಬಿಸಿಲೇರಿದ ಮೇಲೆ ಬರಿಗೈಯಲ್ಲಿ ವಾಪಸ್ ಬಂದರು.

ಅಷ್ಟರಲ್ಲಿ ನೆಂಟರು ಅಂಗಳದಲ್ಲಿ ಕೂತಾಗಿತ್ತು. ಕೆಂಚಿಯ ಅವ್ವನ ಅಣ್ಣ ಎಲೆಯಡಿಕೆ ಉಗಿದು, ಸೊಪ್ಪಿನ ಸಾರು ಉಣ್ಣಲು ಇಷ್ಟು ದೂರ ಬರಬೇಕಿತ್ತೇ ಭಾವ, ಅದು ನಮ್ಮಲ್ಲೂ ಕುದಿಯುತ್ತದೆ ಎಂದ. ಎಲ್ಲರೂ ನಕ್ಕರು. ಮಾಚ ನಗಲಿಲ್ಲ. ಒಳಗೆ ಹೋದ. ಕೂಸಿನ ಮೈ ಮುಟ್ಟಿ ನೋಡಿದ. ಬಿಸಿಯಾಗಿತ್ತು. ತೊಟ್ಟಿಲ ಕೆಳಗೆ ದೊರೆ ಮಲಗಿತ್ತು.

"ಮುಟ್ಟಬೇಡ ಕಣೋ ಮಾಚ. ಸೊಂಟದಲ್ಲಿ ದಾರ ಇದೆ," ಎಂದಳು ತಿಮ್ಮಜ್ಜಿ.

"ಹಂದಿ ಸೊಂಟ, ಅವ್ವ."

"ಸೊಂಟ ಸೊಂಟವೇ."

"ಕೂಸಿಗೆ ಜ್ವರ. ಇವತ್ತು ಹೆಸರು ಅಂಟದಿದ್ದರೆ?"

ತಿಮ್ಮಜ್ಜಿ ಸುಮ್ಮನಾದಳು. ಬಾಗಿಲ ಮರೆಯಲ್ಲಿ ನಿಂತಿದ್ದ ಕೆಂಚಿ ಆ ಮೌನಕ್ಕೆ ಒಂದೇ ಅರ್ಥ ಮಾಡಿದಳು: ಅಜ್ಜಿ ಬಿಟ್ಟುಕೊಟ್ಟಳು. ಅಜ್ಜಿ ಬಿಟ್ಟುಕೊಟ್ಟಿರಲಿಲ್ಲ. ವಯಸ್ಸಾದವರು ಉತ್ತರ ಕೊಡುವುದು ನಿಧಾನ. ದಾರ ಇರುವವರೆಗೆ ಅವಳು ಮಗನ ಕೈಗೆ ಮಚ್ಚು ಕೊಡುವವಳೇ ಅಲ್ಲ. ಅದನ್ನು ಕೇಳುವಷ್ಟು ಹೊತ್ತು ಕೆಂಚಿ ಅಲ್ಲಿ ನಿಲ್ಲಲಿಲ್ಲ.

ಮಾಚ ನೆಂಟರ ಕಡೆ ಹೋದದ್ದೇ, ದೊರೆಯನ್ನು ಹೊತ್ತುಕೊಂಡು ಹಿತ್ತಲಿನಿಂದ ಹೊಳೆಗೆ ಓಡಿದಳು. ಇವನನ್ನು ದಾಟಿಸುತ್ತೀಯಾ ಎಂದು ಹೊಳೆಯನ್ನು ಕೇಳಿದಳು. ಹೊಳೆ, ಯಾರನ್ನು ಬೇಕಾದರೂ ದಾಟಿಸುತ್ತೇನೆ, ಯಾವ ಕಡೆಗೆ ಬೇಕಾದರೂ ದಾಟಿಸುತ್ತೇನೆ ಎಂದಿತು. ಕೆಂಚಿಗೆ ಅದು ಒಳ್ಳೆಯ ಮಾತಾಗಿ ಕೇಳಿಸಿತು.

ಆಚೆ ದಡದ ಜೊಂಡಿನಲ್ಲಿ ಕಿವಿ ಹರಿದ ಅಕ್ಕ ನಿಂತಿದ್ದಳು. ಕೆಂಚಿ ದೊರೆಯನ್ನು ಕೆಳಗಿಳಿಸಿದಳು. ಹೆಸರು ಇರುವವರೆಗೆ ಕರೆದರೆ ಇವನು ಬರುತ್ತಾನೆ, ಹೆಸರು ಇಲ್ಲದಿದ್ದರೆ ಬರುವುದಿಲ್ಲ. ಕಾಡಿಗೆ ಓಡಿದ ಹಂದಿಗಳನ್ನು ಯಾರಿಗೆ ಕರೆಯಲಾಯಿತು? ಹೀಗೆ ಯೋಚಿಸಿದಳು. ಯೋಚನೆಯಲ್ಲಿ ತಪ್ಪೇನಿರಲಿಲ್ಲ. ಬಗ್ಗಿ, ಹಲ್ಲಿನಿಂದ ಉಡಿದಾರ ಕಡಿದಳು.

"ಇನ್ನು ನೀನು ದೊರೆಯಲ್ಲ. ನಿನಗೆ ಹೆಸರಿಲ್ಲ."

"ಸರಿ," ಎಂದಿತು ಹಂದಿ. "ವಾಪಸ್ ಯಾವಾಗ ಕೊಡುತ್ತೀಯ?"

ಕೆಂಚಿ ನೀರಿಗಿಳಿದಳು. ದಾರವನ್ನು ಹೊಳೆಗೆ ಬಿಟ್ಟಳು.

ಮನೆಯಲ್ಲಿ ಮಾಚ ತೊಟ್ಟಿಲ ಕೆಳಗೆ ನೋಡಿ, ಅಟ್ಟದಲ್ಲಿ ನೋಡಿ, ಮಗಳ ಒದ್ದೆ ಸೆರಗು ನೋಡಿದ. ದೊರೆ ಎಲ್ಲಿ ಎಂದು ಕೇಳಿದ. ಆ ಹೆಸರಿನವರು ಈಗ ಯಾರೂ ಇಲ್ಲ ಎಂದಳು ಕೆಂಚಿ. ಅವನು ಹೊಡೆಯಲಿಲ್ಲ. ಹೊಳೆಯ ದಡಕ್ಕೆ ಹೋಗಿ ನಿಂತ. ದಿನಾ ಸಂಜೆ ಕರೆಯುವ ಹಾಗೇ ಕರೆದ.

"ದೊರೆ, ಬಾರೋ. ಗಂಜಿ ಆರುತ್ತದೆ."

ಗಾಳಿ ಆ ಮಾತನ್ನು ಎತ್ತಿಕೊಂಡು ಹೋಯಿತು. ಯಾಕೆ, ಯಾರಿಗೆ ಎಂದು ಕೇಳುವುದು ಗಾಳಿಗೆ ಆಗಲೂ ಗೊತ್ತಿರಲಿಲ್ಲ.

ಜೊಂಡಿನಲ್ಲಿ ಹಂದಿ ತಲೆಯೆತ್ತಿತು.

"ಅದು ಈಗ ನಿನ್ನ ಹೆಸರಲ್ಲ," ಎಂದಳು ಅಕ್ಕ.

"ವಾಪಸ್ ಕೊಟ್ಟರು ಅಕ್ಕ. ಅಪ್ಪ ಕರೆಯುತ್ತಿದ್ದಾನೆ."

ಅಕ್ಕ ಅಡ್ಡ ನಿಂತಳು. ಅದು ಅವಳ ಹೊಟ್ಟೆಯ ಕೆಳಗಿನಿಂದ ನುಸುಳಿ ನೀರಿಗೆ ಬಿದ್ದಿತು. ಹೊಳೆ ಹೇಳಿದ ಹಾಗೆ ದಾಟಿಸಿತು.

ಮಾಚ ಹಂದಿಯನ್ನು ಅಂಗಳಕ್ಕೆ ತಂದಾಗ ತಿಮ್ಮಜ್ಜಿ ಕೋಲೂರಿಕೊಂಡು ಅಡ್ಡ ಬಂದಳು. ಅವಳಿಗೆ ಕಣ್ಣು ಮಂಜು. ಕೈಯಿಂದ ಹಂದಿಯ ಸೊಂಟ ಸವರಿದಳು. ಇನ್ನೊಂದು ಸಲ ಸವರಿದಳು.

"ದಾರ ಯಾರು ಕತ್ತರಿಸಿದ್ದು?"

ನೆಂಟರು ಕೆಂಚಿಯನ್ನು ನೋಡಿದರು.

"ನಾನೇ," ಎಂದಳು ಕೆಂಚಿ. "ಮತ್ತೆ ಕಟ್ಟುತ್ತೇನೆ ಅಜ್ಜಿ. ಈಗಲೇ ಕಟ್ಟುತ್ತೇನೆ."

"ಕತ್ತರಿಸಿದ್ದನ್ನು ಎರಡನೇ ಸಲ ಕಟ್ಟುವ ಪದ್ಧತಿ ಇಲ್ಲ ಕೂಸೇ."

ಪದ್ಧತಿ ಇಲ್ಲದ್ದು ನಿಜ. ಅಲ್ಲಿಯವರೆಗೆ ಯಾರೂ ಬೇಕೆಂದು ಕೇಳಿರಲಿಲ್ಲ. ತಿಮ್ಮಜ್ಜಿ ಕೋಲು ಸರಿಸಿ ದಾರಿ ಬಿಟ್ಟಳು. ಕೆಂಚಿ ಅಪ್ಪನ ಕಾಲು ಹಿಡಿದಳು. ಮಾಚ, ಒಳಗೆ ನಿನ್ನ ತಮ್ಮ ಇದ್ದಾನೆ ಎಂದ. ಹೆಂಗಸರು ಅವಳನ್ನು ಬಿಡಿಸಿ ಹಿಡಿದುಕೊಂಡರು.

ಮಾಚ ದೊರೆಯನ್ನು ಎತ್ತಿ ಹೆಗಲ ಮೇಲೆ ಹಾಕಿಕೊಂಡ. ದೊರೆ ಒದ್ದೆ ಗಲ್ಲವನ್ನು ಅವನ ಕುತ್ತಿಗೆಗೆ ಊರಿತು. ಕಣ್ಣು ಅರ್ಧ ಮುಚ್ಚಿತು. ಅವನು ಮನೆಯನ್ನು ಬಳಸಿ, ಹಿಂದೆ ಹಂದಿ ಕಡಿಯುವ ಕಲ್ಲಿನ ಕಡೆ ನಡೆದ.

"ಅಪ್ಪ, ಒಲೆ ಆ ಕಡೆ ಇದೆ," ಎಂದಿತು ದೊರೆ.

ಮಾಚ ನಡೆಯುತ್ತಲೇ ಇದ್ದ.

"ಅಪ್ಪ, ದಾರಿ ತಪ್ಪಿದೆ."

ಮಾಚ ತಿರುಗಲಿಲ್ಲ. ದೊರೆ ಕಣ್ಣು ಪೂರ್ತಿ ತೆರೆಯಿತು. ಕಲ್ಲು ಕಂಡಿತು. ಕಾಲಿನಿಂದ ನೆಲವನ್ನು ಹುಡುಕಿತು. ನೆಲ ಕೆಳಗೆ, ಸಿಗದಷ್ಟು ಕೆಳಗೆ ಇತ್ತು. ಆಗ ಅದು ಅರಚಿತು.

ಅದುವರೆಗೆ ಅಂಥ ಸದ್ದು ಪ್ರಪಂಚದಲ್ಲಿ ಇರಲಿಲ್ಲ. ಅದರಲ್ಲಿ ಮಾತಿರಲಿಲ್ಲ. ಮರದ ಮೇಲಿದ್ದ ಕಾಗೆಗಳು ಎದ್ದವು. ಬೆಟ್ಟ ಅದನ್ನು ಕೇಳಿ ಇನ್ನೊಂದು ಸಲ ಹೇಳಿತು. ಅಂಗಳದಲ್ಲಿ ಕೆಂಚಿ ಎರಡು ಕಿವಿಯನ್ನೂ ಮುಚ್ಚಿಕೊಂಡಳು. ಕಿವಿ ಮುಚ್ಚಿಕೊಂಡರೂ ಅದು ಕೇಳುತ್ತದೆ ಎಂದು ಮೊದಲು ತಿಳಿದದ್ದು ಅವಳಿಗೆ.

ಗಾಳಿ ಅದನ್ನೂ ಎತ್ತಿಕೊಂಡು ಹೊಳೆಯಾಚೆ ಹೋಯಿತು. ಜೊಂಡಿನಲ್ಲಿದ್ದ ಹಂದಿಗಳೆಲ್ಲ ಕೇಳಿದವು. ಅಕ್ಕ ಅವಕ್ಕೆ ಒಂದೇ ಪಾಠ ಹೇಳಿಕೊಟ್ಟಳು. ಕಾಲು ನೆಲ ಬಿಟ್ಟರೆ ಅರಚಬೇಕು. ಎತ್ತಿದವರು ಯಾರು, ಯಾಕೆ ಎತ್ತಿದರು ಎಂದು ಆಮೇಲೆ ನೋಡಿದರಾಯಿತು. ಅವು ತಮ್ಮ ಮರಿಗಳಿಗೆ ಹೇಳಿಕೊಟ್ಟವು. ಮನುಷ್ಯರ ಜೊತೆ ಮಾತು ಮಾತ್ರ ಅವತ್ತಿಗೇ ನಿಲ್ಲಿಸಿದವು.

ಅಂಗಳದಲ್ಲಿ ಊಟವಾಯಿತು. ಸೋದರಮಾವ ಎರಡು ಸಲ ಬಡಿಸಿಕೊಂಡು, ಗಂಜಿ ಕುಡಿದು ಬೆಳೆದ ಹಂದಿಯ ರುಚಿಯೇ ಬೇರೆ ಎಂದ. ಕೂಸಿಗೆ ಹೆಸರಿಟ್ಟರು. ಜ್ವರ ಇಳಿಯಿತು. ಅದು ಊಟದಿಂದ ಇಳಿಯಿತೋ, ಇಳಿಯುವ ಹೊತ್ತಾಗಿ ಇಳಿಯಿತೋ, ವಿಚಾರಿಸಿದವರಿಲ್ಲ. ಕೆಂಚಿಯ ಮುಂದೆಯೂ ಬಡಿಸಿದರು. ಅವಳು ಎಲೆ ಮಡಿಚಿ ಎದ್ದಳು. ಅಂದಿನಿಂದ ಅವಳು ಯಾವುದಕ್ಕೂ ಹೆಸರಿಡಲಿಲ್ಲ. ಮುಂದೆ ತನ್ನ ಮಕ್ಕಳಿಗೂ ಗಂಡನೇ ಹೆಸರಿಡಲಿ ಎಂದಳು.

ಇವತ್ತಿಗೂ ಹಂದಿಮರಿಯನ್ನು ಎತ್ತಿಕೊಂಡು ನೋಡಿ. ಮುದ್ದಿಗೆ ಎತ್ತಿದರೂ ಸರಿ, ಹಾಲು ಕುಡಿಸಲು ಎತ್ತಿದರೂ ಸರಿ, ಕಾಲು ನೆಲ ಬಿಟ್ಟ ಕೂಡಲೇ ಊರಿಗೆಲ್ಲ ಕೇಳುವ ಹಾಗೆ ಅರಚುತ್ತದೆ. ಕೆಳಗಿಳಿಸಿದರೆ ಸುಮ್ಮನಾಗುತ್ತದೆ. ಅದಕ್ಕೆ ಹೆಸರಿಟ್ಟಿದ್ದೇವೆ, ನಾವು ಕೊಲ್ಲುವವರಲ್ಲ ಎಂದು ಎಷ್ಟು ಹೇಳಿದರೂ ಅದು ನಂಬುವುದಿಲ್ಲ.

ಎಂದೂ ಹೆಸರಿಡದ ಹಂದಿಗಳಲ್ಲಿ ಒಂದೂ ಅವತ್ತು ಸಾಯಲಿಲ್ಲ.