ಅಡುಗೆಯವನಿಗೆ ಹಾಕಿದ ಎಲೆ

"ಗುರುಗಳೇ, ರೋಗದ ಭಯಕ್ಕೆ ಯಾತ್ರಿಕರು ಬರುವುದೇ ನಿಂತಿದೆ. ನನ್ನ ವಸತಿಗೃಹದ ಕೋಣೆಗಳೆಲ್ಲ ಖಾಲಿ. ನಾಳೆ ಕೆಲಸದವರನ್ನು ಬಿಡಿಸಿ ಬೀಗ ಹಾಕುವುದೆಂದು ನಿಶ್ಚಯಿಸಿದ್ದೇನೆ. ಬೇರೆ ದಾರಿ ಉಂಟೇ?" ಎಂದು ಸೋಮಲಿಂಗ ಕೇಳಿದ.

"ನಿಶ್ಚಯ ಮಾಡಿಕೊಂಡು ಬಂದು ದಾರಿ ಕೇಳುತ್ತೀಯಲ್ಲ, ಭಲೇ! ಇರಲಿ, ಬಂದದ್ದು ಬಂದೆ, ಒಂದು ಕತೆ ಕೇಳಿಕೊಂಡು ಹೋಗು" ಎಂದು ಗುರುಗಳು ಹೇಳತೊಡಗಿದರು.

ಒಂದು ಹೆದ್ದಾರಿಯಲ್ಲಿ ಒಬ್ಬ ಛತ್ರದ ಯಜಮಾನನಿದ್ದ. ಉಂಡವರು ಕೊಟ್ಟು ಹೋದದ್ದರಲ್ಲೇ ಛತ್ರ ನಡೆಯುತ್ತಿತ್ತು. ಒಬ್ಬ ಅತಿಥಿಯಾದರೂ ಉಂಡ ಮೇಲೆಯೇ ತಾನು ಉಣ್ಣುವೆನೆಂದು ಅವನು ಅಪ್ಪನಿಗೆ ಮಾತು ಕೊಟ್ಟಿದ್ದ. ಯಜಮಾನ ಉಣ್ಣದೆ ಕೆಲಸದವರೂ ಉಣ್ಣುತ್ತಿರಲಿಲ್ಲ. ದಿನಕ್ಕೆ ನೂರು ಎಲೆ ಬೀಳುವ ಛತ್ರದಲ್ಲಿ ಇಂಥ ವ್ರತ ನಡೆಸುವುದೇನು ಮಹಾ?

ಒಂದು ವರ್ಷ ಮಹಾಮಾರಿ ಬಂತು. ಊರೂರಿನ ಅಗಸೆ ಬಾಗಿಲು ಮುಚ್ಚಿತು. ದಾರಿಯಲ್ಲಿ ನರಪಿಳ್ಳೆಯೂ ಇಲ್ಲ. ಮೊದಲ ದಿನ ಯಜಮಾನ ಜಗಲಿಯ ಮೇಲೆ ಕೂತು ಕಾದ, ಉಪವಾಸ ಮಲಗಿದ. ಎರಡನೆಯ ದಿನವೂ ಅಷ್ಟೇ. ಮಾಡಿದ ಅಡುಗೆ ದನಗಳ ಪಾಲಾಯಿತು. ಮೂರನೆಯ ದಿನ ಅವನಿಗೆ ಕಣ್ಣು ಕತ್ತಲೆ ಬಂತು. ವ್ರತ ಬಿಟ್ಟರೆ ಮಾತು ಹೋಗುತ್ತದೆ, ಹಿಡಿದರೆ ಜೀವ ಹೋಗುತ್ತದೆ. ಅವನಿಗೆ ಅಳುವೇ ಬಂತು.

ಆಗ ಒಳಗೆ ಪಾತ್ರೆ ಬಿದ್ದ ಸದ್ದಾಯಿತು. ಹೋಗಿ ನೋಡಿದರೆ ಅಡುಗೆಯವನು ಒಲೆಯ ಮುಂದೆ ಕುಸಿದು ಕೂತಿದ್ದ.

"ಏನಾಯಿತಯ್ಯಾ?" ಎಂದ ಯಜಮಾನ.

"ಏನಾಗಬೇಕು, ಯಜಮಾನರೇ? ವ್ರತ ನಿಮ್ಮದು, ಹಸಿವು ಎಲ್ಲರದು."

ಯಜಮಾನನಿಗೆ ನಾಚಿಕೆಯಾಯಿತು. ಅವನ ಕೈಹಿಡಿದು ಎಬ್ಬಿಸಿ, ಅತಿಥಿಗಳು ಕೂರುವ ಪಡಸಾಲೆಗೆ ಕರೆತಂದು, ಎಲೆ ಹಾಕಿ ತಾನೇ ಬಡಿಸಿದ. ಅಡುಗೆಯವನು ಎರಡು ತುತ್ತು ಉಂಡು ಮುಖ ಕಿವುಚಿದ.

"ಅಯ್ಯೋ ಶಿವನೇ, ನನ್ನ ಸಾರು ಇಷ್ಟು ಉಪ್ಪೇ! ಒಲೆಯ ಮುಂದೆ ಅವಸರದಲ್ಲಿ ನುಂಗುವಾಗ ನನಗೂ ತಿಳಿಯಲಿಲ್ಲ. ಇಪ್ಪತ್ತು ವರ್ಷದಲ್ಲಿ ಒಬ್ಬರೂ ಹೇಳಲಿಲ್ಲವಲ್ಲ!"

ಇಬ್ಬರೂ ನಕ್ಕರು. ಅವನು ಕೈ ತೊಳೆದ ಮೇಲೆ ಯಜಮಾನನೂ ಉಂಡ.

ಮರುದಿನದಿಂದ ಸರದಿಯಂತೆ ಕೆಲಸದವರಲ್ಲಿ ಒಬ್ಬೊಬ್ಬರಿಗೆ ಮೊದಲ ಎಲೆ. ಎಲೆಯ ಮುಂದೆ ಕೂತವರನ್ನು ಮಾತಾಡಿಸದೆ ಇರುವುದು ಛತ್ರದವನಿಂದ ಆದೀತೇ? ನೀರು ಸೇದುವವನು ತರಕಾರಿ ಬೆಳೆಯುವವರ ಮನೆಯವನೆಂದು ಯಜಮಾನನಿಗೆ ಆಗ ತಿಳಿಯಿತು. ಹಿತ್ತಲಿನ ಪಾಳು ನೆಲದಲ್ಲಿ ಸೊಪ್ಪು, ಬದನೆ ಎದ್ದವು. ಕಸ ಗುಡಿಸುವವಳು ಹಪ್ಪಳ ಮಾಡುವುದರಲ್ಲಿ ಎತ್ತಿದ ಕೈ. ಸುತ್ತಲಿನ ಊರಿನವರು ಅಗಸೆಯ ಹೊರಗೆ ಜೋಳ ಇಟ್ಟು ಅವಳ ಹಪ್ಪಳ ಒಯ್ದರು. ಅರೆಹೊಟ್ಟೆಯ ದಿನಗಳೂ ಇದ್ದವು, ಇಲ್ಲವೆನ್ನಲಾರೆ. ಆದರೆ ಒಬ್ಬರೂ ಬಿಟ್ಟು ಹೋಗಲಿಲ್ಲ. ಹತ್ತು ತಿಂಗಳ ಮೇಲೆ ದಾರಿ ತೆರೆದಾಗ, ಆ ಹೆದ್ದಾರಿಯಲ್ಲಿ ಒಲೆ ಉರಿಯುತ್ತಿದ್ದದ್ದು ಅದೊಂದೇ ಛತ್ರದಲ್ಲಿ.

ಕತೆ ಮುಗಿಯಿತು. ಸೋಮಲಿಂಗ ನಿಟ್ಟುಸಿರು ಬಿಟ್ಟ.

"ಆ ಯಜಮಾನ ಪುಣ್ಯವಂತ, ಗುರುಗಳೇ. ಅಂಥ ಕೆಲಸದವರು ಸಿಕ್ಕರು. ನನ್ನವರಿಗೆ ಹೇಳಿದ್ದನ್ನು ಮಾಡುವುದು ಬಿಟ್ಟರೆ ಬೇರೇನೂ ಬಾರದು."

ಗುರುಗಳು ಕೇಳಿದರು: "ಎಂಟು ವರ್ಷದಿಂದ ನಿನಗೆ ಬೇಯಿಸಿ ಹಾಕುತ್ತಿದ್ದಾನಲ್ಲ, ಆ ಅಡುಗೆಯವನ ಊರು ಯಾವುದು?"

"ಇವತ್ತೇ ಎಲೆ ಹಾಕಿ ಕೇಳುತ್ತೇನೆ, ಗುರುಗಳೇ" ಎಂದು ಸೋಮಲಿಂಗ ಎದ್ದ.